ಅಜ್ಜಿಗೂ ಅದೇ ಪಾತ್ರೆಯಿಂದ: ಬೆಣ್ಣೆಹಣ್ಣಿನ ಚಾಕೊಲೇಟ್ ಪುಡ್ಡಿಂಗ್

ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಅಜ್ಜ-ಅಜ್ಜಿಯರ ಹಾಗೂ ವೃದ್ಧರ ವಿಶ್ವದಿನವಾಗಿ ಆಚರಿಸಬೇಕೆಂದು ಪೋಪ್ ಫ್ರಾನ್ಸಿಸರು 2021ರಲ್ಲಿ ಗೊತ್ತುಮಾಡಿದರು. ಜುಲೈ 26 ಮಾತೆ ಮರಿಯಳ ತಂದೆತಾಯಿಯರಾದ ಸಂತ ಜೋಕಿಂ ಮತ್ತು ಸಂತ ಅನ್ನಮ್ಮನವರ ಹಬ್ಬ. ಯೇಸುಸ್ವಾಮಿಗೆ ಅಜ್ಜ-ಅಜ್ಜಿಯಾದವರ ಹಬ್ಬದ ಹತ್ತಿರವೇ ಈ ದಿನ ಬರಲಿ ಎಂಬುದು ಅವರ ಇಚ್ಛೆಯಾಗಿತ್ತು. ಕೆಲವು ಧರ್ಮಕೇಂದ್ರಗಳಲ್ಲಿ ಆ ದಿನ ಬಲಿಪೂಜೆಯ ನಂತರ ಹಿರಿಯರಿಗೆ ಶಾಲು ಹೊದಿಸಿ, ಮಕ್ಕಳಿಂದ ಹಾಡು ಹೇಳಿಸಿ, ಕೊನೆಗೆ ಕೇಕು, ಲಾಡು, ಜಾಮೂನು ಹಂಚುವುದುಂಟು. ಸನ್ಮಾನ ಪಡೆದವರು ಆ ಸಿಹಿಯನ್ನು ಕಾಗದದ ತಟ್ಟೆಯಲ್ಲಿ ಹಿಡಿದುಕೊಂಡು, ಯಾರೂ ನೋಡದಿದ್ದಾಗ ಮೊಮ್ಮಗನ ಕೈಗೆ ದಾಟಿಸುತ್ತಾರೆ. ಕೆಲವರು ದಾಟಿಸುವುದಿಲ್ಲ, ತಿಂದುಬಿಡುತ್ತಾರೆ. ಸೋಮವಾರ ಬೆಳಿಗ್ಗೆ ರಕ್ತಪರೀಕ್ಷೆಯ ಚೀಟಿ ಅದನ್ನು ಮನೆಯವರಿಗೆಲ್ಲ ಹೇಳಿಬಿಡುತ್ತದೆ.

ಸಕ್ಕರೆ ಕಾಯಿಲೆ ಈಗ ಯಾರ ಮನೆಗೂ ಹೊಸಬನಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮಲ್ಲಿ ಸುಮಾರು 10.1 ಕೋಟಿ ಜನರಿಗೆ ಈ ಕಾಯಿಲೆಯಿದೆ. ಇದಲ್ಲದೆ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರೂ ನಮ್ಮಲ್ಲಿ ಬಹಳ. ಹಾಲಿನಲ್ಲಿರುವ ಸಕ್ಕರೆಯಾದ ಲ್ಯಾಕ್ಟೋಸನ್ನು ಜೀರ್ಣಿಸುವ ಶಕ್ತಿ ಬಾಲ್ಯ ಕಳೆದ ಮೇಲೆ ಅನೇಕರಲ್ಲಿ ಕುಗ್ಗುತ್ತದೆ. ಇದು ಉತ್ತರ ಭಾರತದವರಿಗಿಂತ ದಕ್ಷಿಣದವರಲ್ಲಿ ಹೆಚ್ಚು. ಅಂಥವರಿಗೆ ಪೇಡೆ, ಖೀರು, ಐಸ್‌ಕ್ರೀಂ ಯಾವುದೂ ಆಗದು. ಎರಡೂ ತೊಂದರೆ ಇರುವ ಅಜ್ಜಿಗೆ ಹಬ್ಬದ ದಿನ ನಾವು ಏನು ಕೊಡುತ್ತೇವೆ? ಒಂದು ಮಾರಿ ಬಿಸ್ಕತ್ತು, ಸಕ್ಕರೆಯಿಲ್ಲದ ಕರಿ ಚಹಾ. ಜೊತೆಗೆ "ನಿಮಗೆ ಇದು ಆಗುವುದಿಲ್ಲ ಬಿಡಿ" ಎಂಬ ಒಂದು ಮಾತು. ಬಿಸ್ಕತ್ತಿಗಿಂತ ಆ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುವುದು.

ಇದನ್ನು ಅಡುಗೆಮನೆಯ ಸಣ್ಣ ವಿಷಯವೆಂದು ತಳ್ಳಿಹಾಕುವ ಹಾಗಿಲ್ಲ. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 11ನೇ ಅಧ್ಯಾಯವನ್ನು ಬಿಡಿಸಿ ಓದಿ. ಪರಮಪ್ರಸಾದದ ಸ್ಥಾಪನೆಯ ಬಗ್ಗೆ ನಮಗೆ ದೊರೆತಿರುವ ಅತ್ಯಂತ ಹಳೆಯ ಬರಹ ಅಲ್ಲಿದೆ. ಆದರೆ ಪೌಲರು ಆ ಮಾತನ್ನು ಎತ್ತಲು ಕಾರಣವಾದದ್ದು ಒಂದು ಊಟದ ಜಗಳ. ಕೊರಿಂಥದ ಸಭೆಯಲ್ಲಿ ಕೆಲವರು ತಾವು ತಂದದ್ದನ್ನು ತಾವೇ ಮುಂಚಿತವಾಗಿ ತಿಂದು ಮುಗಿಸುತ್ತಿದ್ದರು. ಇಲ್ಲದವರು ಹಸಿದು ನೋಡುತ್ತ ಕೂರಬೇಕಿತ್ತು. ಒಂದೇ ಮನೆಯಲ್ಲಿ ಕುಳಿತು ಹೀಗೆ ಬೇರೆ ಬೇರೆಯಾಗಿ ಉಣ್ಣುವುದು ಪ್ರಭುವಿನ ಭೋಜನವೇ ಅಲ್ಲ ಎಂಬರ್ಥದಲ್ಲಿ ಪೌಲರು ಖಂಡಿಸುತ್ತಾರೆ. ಒಬ್ಬರಿಗಾಗಿ ಒಬ್ಬರು ಕಾಯಿರಿ ಎಂದು ಬುದ್ಧಿ ಹೇಳುತ್ತಾರೆ.

ಧರ್ಮಸಭೆಯೂ ತನ್ನ ಪವಿತ್ರ ಮೇಜಿನಲ್ಲಿ ಈ ಎಚ್ಚರವನ್ನು ಇಟ್ಟುಕೊಂಡಿದೆ. ಗೋಧಿಯ ಗ್ಲುಟೆನ್ ಆಗದ ರೋಗಿಗಳಿಗಾಗಿ ಅತಿ ಕಡಿಮೆ ಗ್ಲುಟೆನ್ ಇರುವ ರೊಟ್ಟಿಯನ್ನೂ, ಮದ್ಯಸಾರ ಆಗದವರಿಗಾಗಿ ಮಸ್ಟಮ್ ಎಂಬ ತಾಜಾ ದ್ರಾಕ್ಷಾರಸವನ್ನೂ ಧರ್ಮಾಧ್ಯಕ್ಷರ ಅನುಮತಿಯಿಂದ ಬಳಸಬಹುದೆಂದು ರೋಮಿನ ವಿಶ್ವಾಸ ಸಿದ್ಧಾಂತ ಪರಿಷತ್ತು 2003ರ ಜುಲೈ 24ರ ಪತ್ರದಲ್ಲಿ ತಿಳಿಸಿತು. 2017ರಲ್ಲಿ ಅದನ್ನೇ ಮತ್ತೆ ನೆನಪಿಸಲಾಯಿತು. ಗೋಧಿ ಗೋಧಿಯಾಗಿಯೇ ಉಳಿಯಬೇಕು, ರೋಗಿಯೂ ಹೊರಗುಳಿಯಬಾರದು ಎಂಬ ಎರಡು ಕಾಳಜಿಗಳು ಆ ಪತ್ರದಲ್ಲಿವೆ. ಬಲಿಪೀಠದ ಬಳಿ ಇರುವ ಈ ಎಚ್ಚರ ನಮ್ಮ ಊಟದ ಮೇಜಿಗೂ ಬರಲಿ ಎಂಬ ಆಸೆಯಿಂದಲೇ ಈ ವಾರದ ಪಾಠ. ಇಂದು ಕಲಿಯುವ ತಿನಿಸು ಸಕ್ಕರೆಯಿಲ್ಲದ, ಹಾಲಿಲ್ಲದ ಚಾಕೊಲೇಟ್ ಪುಡ್ಡಿಂಗ್. ಇದನ್ನು ಅಜ್ಜಿಗೆಂದು ಬೇರೆ ಬಟ್ಟಲಿನಲ್ಲಿ ಮಾಡಬೇಡಿ. ಎಲ್ಲರಿಗೂ ಒಂದೇ ಪಾತ್ರೆಯಲ್ಲಿ ಮಾಡಿ, ಎಲ್ಲರಿಗೂ ಅದರಿಂದಲೇ ಬಡಿಸಿ.

ಹಾಲಿಲ್ಲದೆ ಚಾಕೊಲೇಟ್ ಎಂದರೆ ಹೊಸ ಕಾಲದ ಹುಚ್ಚು ಎಂದು ಹುಬ್ಬೇರಿಸುವವರು ಸ್ವಲ್ಪ ಇತಿಹಾಸ ಕೇಳಬೇಕು. ಕೋಕೋ ಮತ್ತು ಬೆಣ್ಣೆಹಣ್ಣು ಎರಡನ್ನೂ ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದಲ್ಲಿ ಬಹು ಹಿಂದಿನಿಂದಲೂ ಬೆಳೆಯುತ್ತಿದ್ದರು. ಅವಕಾಡೊ ಎಂಬ ಹೆಸರು ಅಲ್ಲಿನ ನಹುವಾಟಲ್ ಭಾಷೆಯ ಆವಕಾಟ್ಲ್ ಎಂಬ ಪದದಿಂದ ಬಂದಿದೆ. ಸ್ಪೇನಿನವರು ಹೋಗುವ ಮುನ್ನ ಆ ನಾಡಿನಲ್ಲಿ ಹಸುವೂ ಇರಲಿಲ್ಲ, ಕಬ್ಬೂ ಇರಲಿಲ್ಲ. ಅಲ್ಲಿನವರು ಕೋಕೋ ಬೀಜವನ್ನು ಅರೆದು, ನೀರಿನಲ್ಲಿ ಕದಡಿ, ಮೆಣಸಿನಕಾಯಿ ಬೆರೆಸಿ ನೊರೆ ಎಬ್ಬಿಸಿ ಕುಡಿಯುತ್ತಿದ್ದರು. 1590ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಯೇಸುಸಭೆಯ ಗುರು ಹೋಸೆ ದೆ ಅಕೋಸ್ತಾರವರು, ರೂಢಿಯಿಲ್ಲದವರಿಗೆ ಆ ನೊರೆ ಕಂಡರೇ ಅಸಹ್ಯವಾಗುತ್ತದೆ ಎಂಬರ್ಥದಲ್ಲಿ ಬರೆದಿದ್ದಾರೆ. ಚಾಕೊಲೇಟಿಗೆ ಹಾಲು ಸೇರಿಸಿ ಗಟ್ಟಿ ಬಿಲ್ಲೆ ಮಾಡಿದ್ದು ಸ್ವಿಟ್ಜರ್ಲೆಂಡಿನ ಡೇನಿಯಲ್ ಪೀಟರ್, ಅದೂ 1875ರ ಸುಮಾರಿಗೆ. ಆದ್ದರಿಂದ ಹಾಲಿಲ್ಲದ ಚಾಕೊಲೇಟೇ ಹಳೆಯದು.

ಚಾಕೊಲೇಟ್ ಧರ್ಮಸಭೆಯ ಪಂಡಿತರನ್ನೂ ಸುಮ್ಮನೆ ಬಿಡಲಿಲ್ಲ. ಉಪವಾಸದ ದಿನ ಅದನ್ನು ಕುಡಿದರೆ ಉಪವಾಸ ಮುರಿಯುವುದೇ ಎಂದು ದೊಡ್ಡ ಚರ್ಚೆಯೇ ನಡೆಯಿತು. ಆಂಟೋನಿಯೊ ದೆ ಲಿಯೋನ್ ಪಿನೆಲೊ ಎಂಬವರು 1636ರಲ್ಲಿ ಮ್ಯಾಡ್ರಿಡ್‌ನಲ್ಲಿ ಈ ಪ್ರಶ್ನೆಗಾಗಿಯೇ ಒಂದು ಪುಸ್ತಕ ಪ್ರಕಟಿಸಿದರು. 1664ರಲ್ಲಿ ರೋಮಿನಲ್ಲಿ ಕಾರ್ಡಿನಲ್ ಬ್ರಾಂಕಾಚ್ಚೊರವರು ಬರೆದು, ಪಾನೀಯವಾದ್ದರಿಂದ ಉಪವಾಸ ಮುರಿಯುವುದಿಲ್ಲ ಎಂಬ ಪಕ್ಷ ಹಿಡಿದರು. ನಾವು ಮಾಡುವ ಪುಡ್ಡಿಂಗ್ ಚಮಚದಲ್ಲಿ ನಿಲ್ಲುವಷ್ಟು ಗಟ್ಟಿ. ಕಾರ್ಡಿನಲರ ರಿಯಾಯಿತಿ ಇದಕ್ಕೆ ಅನ್ವಯಿಸದು. ಶುಭಶುಕ್ರವಾರ ಇದನ್ನು ಮಾಡಬೇಡಿ!

ಸಾಮಗ್ರಿಗಾಗಿ ಪರದೇಶಕ್ಕೆ ಹೋಗಬೇಕಾಗಿಲ್ಲ. ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ತೋಟಗಳಿಂದ ಬೆಣ್ಣೆಹಣ್ಣು ಮಳೆಗಾಲದಲ್ಲಿ ಸಂತೆಗೆ ಬರುತ್ತದೆ. ಅಜ್ಜ-ಅಜ್ಜಿಯರ ಭಾನುವಾರವೂ ಅದೇ ಕಾಲಕ್ಕೆ ಬೀಳುವುದು ನಮ್ಮ ಅದೃಷ್ಟ. ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಕೋಕೋ ಬೆಳೆಯುತ್ತಾರೆ. ಪುತ್ತೂರಿನಲ್ಲಿ ಕ್ಯಾಂಪ್ಕೊ ಸಹಕಾರಿ ಸಂಸ್ಥೆಯ ಚಾಕೊಲೇಟ್ ಕಾರ್ಖಾನೆ 1986ರಲ್ಲೇ ಆರಂಭವಾಯಿತು. ತೆಂಗಿನಕಾಯಿಯ ಬಗ್ಗೆ ಹೇಳುವುದೇ ಬೇಡ.

ಹಣ್ಣನ್ನು ಆರಿಸುವುದು

ಪುಡ್ಡಿಂಗ್ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಬೆಣ್ಣೆಹಣ್ಣು ಮರದಲ್ಲಿ ಹಣ್ಣಾಗುವುದಿಲ್ಲ, ಕಿತ್ತ ಮೇಲೆ ಮೆತ್ತಗಾಗುತ್ತದೆ. ಹಬ್ಬಕ್ಕೆ ನಾಲ್ಕೈದು ದಿನ ಮೊದಲೇ ಗಟ್ಟಿಕಾಯಿ ತಂದು, ಒಂದು ಬಾಳೆಹಣ್ಣಿನ ಜೊತೆ ಕಾಗದದಲ್ಲಿ ಸುತ್ತಿಡಿ, ಅಥವಾ ಅಕ್ಕಿ ಡಬ್ಬದಲ್ಲಿ ಹೂತಿಡಿ. ಬಾಳೆಹಣ್ಣು ಬಿಡುವ ಎಥಿಲೀನ್ ಅನಿಲ ಇದನ್ನೂ ಬೇಗ ಹಣ್ಣಾಗಿಸುತ್ತದೆ. ತೊಟ್ಟಿನ ಬಳಿ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಒಳಗೆ ಹೋಗಬೇಕು, ಆದರೆ ಕುಸಿಯಬಾರದು. ಹಣ್ಣಾಗದ ಕಾಯಿಯನ್ನು ಮಿಕ್ಸಿಗೆ ಹಾಕಿದರೆ ಸೋಪಿನ ರುಚಿ ಬರುತ್ತದೆ, ಆಮೇಲೆ ಎಷ್ಟು ಕೋಕೋ ಸುರಿದರೂ ಪ್ರಯೋಜನವಿಲ್ಲ.

ನಮ್ಮ ತೋಟಗಳ ಅನೇಕ ಮರಗಳು ಬೀಜದಿಂದ ಎದ್ದವು. ಹಾಗಾಗಿ ಒಂದು ಮರದ ಹಣ್ಣು ಬೆಣ್ಣೆಯಂತೆ ಗಟ್ಟಿಯಾಗಿದ್ದರೆ ಇನ್ನೊಂದರದು ನೀರು ನೀರಾಗಿರುತ್ತದೆ. ಅಂಗಡಿಯಲ್ಲಿ ದುಬಾರಿಯಾಗಿ ಮಾರುವ, ಕಪ್ಪು ಸಿಪ್ಪೆಯ ಹಾಸ್ ತಳಿಯಲ್ಲಿ ಕೊಬ್ಬು ಹೆಚ್ಚು. ಅದೇ ಬೇಕೆಂದೇನಿಲ್ಲ. ಹಣ್ಣು ನೀರಾಗಿದ್ದರೆ ತೆಂಗಿನ ಹಾಲನ್ನು ಅರ್ಧಕ್ಕೆ ಇಳಿಸಿ, ಅಷ್ಟೇ.

ಕೋಕೋ ಪುಡಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಡ್ರಿಂಕಿಂಗ್ ಚಾಕೊಲೇಟ್ ಎಂದು ಬರೆದಿರುವುದು ಕೋಕೋ ಪುಡಿಯಲ್ಲ, ಅದರಲ್ಲಿ ಸಕ್ಕರೆಯೇ ಹೆಚ್ಚು. ಮಕ್ಕಳ ಹಾಲಿಗೆ ಬೆರೆಸುವ ಮಾಲ್ಟ್ ಪುಡಿಗಳೂ ಹಾಗೆಯೇ, ಅವುಗಳಲ್ಲಿ ಹಾಲಿನ ಪುಡಿಯೂ ಇರಬಹುದು. ಡಬ್ಬದ ಹಿಂಬದಿಯಲ್ಲಿ ಕೋಕೋ ಒಂದೇ ಇರಬೇಕು. ಕಡುಬಣ್ಣದ ಡಚ್ ಕೋಕೋ ಪುಡಿಯಲ್ಲಿ ಕ್ಷಾರದ ಹೆಸರು ಕಂಡರೆ ಹೆದರಬೇಡಿ. ಹಾಲೆಂಡಿನ ವಾನ್ ಹೌಟನ್ ಮನೆತನದವರು 19ನೇ ಶತಮಾನದಲ್ಲಿ ಕಂಡುಕೊಂಡ ವಿಧಾನವದು. ಕಹಿಯೂ ಹುಳಿಯೂ ಅದರಲ್ಲಿ ಕಡಿಮೆ. ಇನ್ನು ಕೋಕೋ ಬೆಣ್ಣೆ ಎಂಬ ಹೆಸರು ಓದಿ ಹಾಲಿನ ಪದಾರ್ಥವೆಂದು ಗಾಬರಿಯಾಗುವವರಿದ್ದಾರೆ. ಅದು ಕೋಕೋ ಬೀಜದ ಕೊಬ್ಬು. ಬೆಣ್ಣೆಹಣ್ಣಿನಲ್ಲಿ ಎಷ್ಟು ಬೆಣ್ಣೆಯಿದೆಯೋ ಅದರಲ್ಲೂ ಅಷ್ಟೇ.

ಸಿಹಿಗೆ ಏನು?

ನಮ್ಮವರು ಎಡವುವುದು ಈ ಪ್ರಶ್ನೆಯಲ್ಲಿ. "ಸಕ್ಕರೆ ಹಾಕಿಲ್ಲ, ಬೆಲ್ಲ ಹಾಕಿದ್ದೇನೆ, ತಿನ್ನಿ" ಎಂದು ಪ್ರೀತಿಯಿಂದ ಕೊಡುವ ಸೊಸೆಯರು ಎಷ್ಟೋ ಮಂದಿ. ಬೆಲ್ಲದಲ್ಲೂ ಹೆಚ್ಚಿನ ಪಾಲು ಸಕ್ಕರೆಯೇ ಇರುವುದು. ಜೇನು, ಖರ್ಜೂರ, ತಾಳೆಬೆಲ್ಲ ಎಲ್ಲವೂ ರಕ್ತದ ಸಕ್ಕರೆಯನ್ನು ಏರಿಸುತ್ತವೆ. ಪಾತ್ರೆಗೆ 100 ಗ್ರಾಂ ಬೆಲ್ಲ ಸುರಿದು ಆರು ಜನಕ್ಕೆ ಹಂಚಿದರೆ ಒಬ್ಬೊಬ್ಬರಿಗೆ ಮೂರು ಟೀ ಚಮಚದಷ್ಟು ಸಕ್ಕರೆ ಬಡಿಸಿದ ಹಾಗೆ. "ಶುಗರ್ ಫ್ರೀ" ಎಂದು ಮಾರುವ ಸಿದ್ಧ ಚಾಕೊಲೇಟುಗಳಲ್ಲಿ ಮಾಲ್ಟಿಟಾಲ್ ಇದ್ದರೆ ಅದೂ ಸಕ್ಕರೆಯನ್ನು ಸ್ವಲ್ಪಮಟ್ಟಿಗೆ ಏರಿಸುತ್ತದೆ.

ಉಳಿದಿರುವುದು ಸ್ಟೀವಿಯ ಎಲೆಯ ಸಾರ ಮತ್ತು ಎರಿಥ್ರಿಟಾಲ್. ಎರಿಥ್ರಿಟಾಲ್ ಸಕ್ಕರೆಗಿಂತ ಸ್ವಲ್ಪ ಕಡಿಮೆ ಸಿಹಿ, ರಕ್ತದ ಸಕ್ಕರೆಯನ್ನು ಹೆಚ್ಚುಕಡಿಮೆ ಏರಿಸುವುದೇ ಇಲ್ಲ. ಹೆಚ್ಚು ತಿಂದರೆ ಹೊಟ್ಟೆ ಕೆಡಬಹುದು. ರಕ್ತದಲ್ಲಿ ಇದರ ಪ್ರಮಾಣ ಹೆಚ್ಚಿರುವವರಲ್ಲಿ ಹೃದಯಾಘಾತ ಮತ್ತು ಪಾರ್ಶ್ವವಾಯು ಹೆಚ್ಚು ಕಂಡಿತೆಂದು 2023ರಲ್ಲಿ ಒಂದು ಅಧ್ಯಯನ ಬಂತು. ಇದೇ ಅದಕ್ಕೆ ಕಾರಣವೆಂದು ಆ ಅಧ್ಯಯನ ಸಾಧಿಸಲಿಲ್ಲ, ಆದರೂ ಹೃದ್ರೋಗಿಗಳು ಸ್ಟೀವಿಯವನ್ನೇ ಆರಿಸುವುದು ಒಳಿತೆಂದು ನನ್ನ ಅಭಿಪ್ರಾಯ. ತೂಕ ಇಳಿಸಲು ಇಂಥ ಕೃತಕ ಹಾಗೂ ಬದಲಿ ಸಿಹಿಗಳನ್ನು ನೆಚ್ಚಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ ತಿಂಗಳಲ್ಲಿ ಸಲಹೆ ನೀಡಿತು. ಈಗಾಗಲೇ ಸಕ್ಕರೆ ಕಾಯಿಲೆ ಇರುವವರಿಗೆ ಆ ಸಲಹೆ ಅನ್ವಯಿಸುವುದಿಲ್ಲವೆಂದೂ ಅದರಲ್ಲೇ ಇದೆ. ಹಬ್ಬಕ್ಕೊಮ್ಮೆ ಮಾಡಿ, ದಿನವೂ ಬೇಡ.

ಮಾಡುವ ವಿಧಾನ

ಆರು ಜನಕ್ಕೆ ಮಧ್ಯಮ ಗಾತ್ರದ ಎರಡು ಹಣ್ಣು ಬೇಕು, ತಿರುಳು ಸುಮಾರು 300 ಗ್ರಾಂ ಬರಬೇಕು. ಕೊಡಗಿನ ದೊಡ್ಡ ಹಣ್ಣಾದರೆ ಒಂದೇ ಸಾಕಾದೀತು. ಕೋಕೋ ಪುಡಿ 40 ಗ್ರಾಂ, ಅಂದರೆ ಸಮ ಮಾಡಿದ ಎಂಟು ಟೇಬಲ್ ಚಮಚ. ತೆಂಗಿನಕಾಯಿಯ ಮೊದಲ ಗಟ್ಟಿ ಹಾಲು ಅರ್ಧ ಸಣ್ಣ ಲೋಟ, ಸುಮಾರು 100 ಮಿಲಿ ಲೀಟರು. ಕುದಿಯುವ ನೀರು ಅಷ್ಟೇ. ವೆನಿಲಾ ಎಸೆನ್ಸ್ ಒಂದು ಟೀ ಚಮಚ, ಒಂದು ಚಿಟಿಕೆ ಉಪ್ಪು, ಒಂದು ಚಮಚ ಗಟ್ಟಿ ಕಾಫಿ ಡಿಕಾಕ್ಷನ್. ಸಿಹಿಗೆ ಎರಿಥ್ರಿಟಾಲ್ 60ರಿಂದ 80 ಗ್ರಾಂ, ಇಲ್ಲವೇ ಸ್ಟೀವಿಯ. ಸ್ಟೀವಿಯ ಪುಡಿಗಳ ಸಿಹಿ ಒಂದೊಂದು ಕಂಪನಿಯದು ಒಂದೊಂದು ರೀತಿ ಇರುವುದರಿಂದ ಪೊಟ್ಟಣದ ಮೇಲಿನ ಲೆಕ್ಕ ನೋಡಿ ಸ್ವಲ್ಪ ಸ್ವಲ್ಪವೇ ಹಾಕಬೇಕು, ಹೆಚ್ಚಾದರೆ ಕಹಿ ಹೊಡೆಯುತ್ತದೆ.

ಮೊದಲು ಕೋಕೋ ಪುಡಿಯನ್ನು ಜರಡಿ ಹಿಡಿದು, ಕುದಿಯುವ ನೀರು ಹಾಕಿ ಗಂಟಿಲ್ಲದಂತೆ ಕಲಸಿ. ಹೀಗೆ ಬಿಸಿನೀರಿನಲ್ಲಿ ನೆನೆದರೇ ಅದರ ಪರಿಮಳ ಬಿಡಿಸಿಕೊಳ್ಳುವುದು. ಒಣ ಪುಡಿಯನ್ನು ನೇರವಾಗಿ ಹಣ್ಣಿಗೆ ಹಾಕಿದರೆ ಬಾಯಲ್ಲಿ ಹಿಟ್ಟು ಹಿಟ್ಟಾಗುತ್ತದೆ. ಉಪ್ಪು, ಡಿಕಾಕ್ಷನ್ ಸೇರಿಸಿ ಪೂರ್ತಿ ಆರಲು ಬಿಡಿ. ಡಿಕಾಕ್ಷನ್ನಿನಿಂದ ಕಾಫಿಯ ರುಚಿ ಬರುವುದಿಲ್ಲ, ಚಾಕೊಲೇಟಿನ ರುಚಿಯೇ ಗಾಢವಾಗುತ್ತದೆ. ಎರಿಥ್ರಿಟಾಲ್ ಆದರೆ ಒಣ ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿಕೊಳ್ಳಿ. ಹರಳಾಗಿಯೇ ಹಾಕಿದರೆ ತಣ್ಣಗಾದಾಗ ಮರಳಿನಂತೆ ಹಲ್ಲಿಗೆ ಸಿಗುತ್ತದೆ.

ಈಗ ಹಣ್ಣು. ತಿರುಳನ್ನು ಚಮಚದಿಂದ ತೋಡಿ, ಕಪ್ಪಾದ ನಾರಿನ ಭಾಗ ತೆಗೆದು, ತೆಂಗಿನ ಹಾಲಿನೊಂದಿಗೆ ಮಿಕ್ಸಿಯಲ್ಲಿ ರುಬ್ಬಿ. ಹಸಿರು ಗಂಟು ಒಂದೂ ಉಳಿಯಬಾರದು. ನಾರು ಹೆಚ್ಚಿದ್ದರೆ ಜರಡಿಯಲ್ಲಿ ಒತ್ತಿ ಸೋಸಿ. ಹಣ್ಣಿನ ಕೊಬ್ಬು ಸಣ್ಣ ಸಣ್ಣ ಹನಿಗಳಾಗಿ ಹರಡಿಕೊಳ್ಳುವುದರಿಂದಲೇ ಕೆನೆಯಿಲ್ಲದೆಯೂ ಕೆನೆಯಂಥ ಹದ ಬರುವುದು. ಆಮೇಲೆ ಆರಿದ ಕೋಕೋ, ವೆನಿಲಾ, ಸಿಹಿ ಸೇರಿಸಿ ಮತ್ತೊಂದು ಸುತ್ತು ತಿರುಗಿಸಿ. ಒಲೆಯ ಮೇಲೆ ಮಾತ್ರ ಇಡಬೇಡಿ, ಬೆಣ್ಣೆಹಣ್ಣು ಬೆಂದರೆ ಕಹಿಯಾಗುತ್ತದೆ. ಕೋಕೋ ಆರಿರಬೇಕು ಎಂದದ್ದೂ ಅದಕ್ಕೇ. ರುಚಿ ನೋಡುವಾಗ ಒಂದು ಕೂದಲೆಳೆ ಹೆಚ್ಚು ಸಿಹಿ ಇರಲಿ, ತಣ್ಣಗಾದಾಗ ಸಿಹಿ ಕಡಿಮೆಯಾದಂತೆ ತೋರುತ್ತದೆ.

ಬಟ್ಟಲಿಗೆ ಹಾಕಿ, ಗಾಳಿಯಾಡದಂತೆ ಮುಚ್ಚಿ, ಫ್ರಿಜ್ಜಿನಲ್ಲಿ ಎರಡು ಮೂರು ಗಂಟೆ ಇಡಿ. ಮೇಲೆ ಹುರಿದ ಬಾದಾಮಿಯ ಚೂರು, ಇಲ್ಲವೇ ಎಳೆಯ ತೆಂಗಿನಕಾಯಿ ತುರಿ ಸಾಕು. ಮೆಕ್ಸಿಕೊದವರಂತೆ ಚಿಟಿಕೆ ದಾಲ್ಚಿನ್ನಿ ಪುಡಿ ಹಾಕಿದರೂ ಚೆನ್ನ.

ಈ ಲೆಕ್ಕದಲ್ಲಿ ಒಬ್ಬರ ಪಾಲಿಗೆ ನಾರು ಕಳೆದು ಉಳಿಯುವ ಶರ್ಕರ ಪಿಷ್ಟ 3 ಗ್ರಾಂನ ಆಸುಪಾಸು, ಒಂದು ಟೀ ಚಮಚ ಸಕ್ಕರೆಗಿಂತ ಕಡಿಮೆ. ಎರಿಥ್ರಿಟಾಲನ್ನು ಈ ಲೆಕ್ಕಕ್ಕೆ ಹಿಡಿದಿಲ್ಲ. ಆದರೆ ಕ್ಯಾಲೊರಿ ಸುಮಾರು 130 ಇರುತ್ತದೆ, ಬಹುಪಾಲು ಕೊಬ್ಬಿನಿಂದ. ಅದರಲ್ಲಿ ಬೆಣ್ಣೆಹಣ್ಣಿನ ಕೊಬ್ಬು ಒಳ್ಳೆಯ ಜಾತಿಯದು, ತೆಂಗಿನ ಹಾಲಿನದು ಅಷ್ಟು ಒಳ್ಳೆಯದಲ್ಲ. ಎರಡು ತಟ್ಟೆ ಬಿರಿಯಾನಿ ಉಂಡು ಮೇಲೆ ಈ ಪುಡ್ಡಿಂಗ್ ತಿಂದು, ಸಕ್ಕರೆ ಏರಿತಲ್ಲ ಎಂದು ಪುಡ್ಡಿಂಗನ್ನು ಬೈಯಬೇಡಿ.

ಯಾರಿಗೆ ಕೊಡಬಾರದು

ಸಕ್ಕರೆ ಕಾಯಿಲೆ ಹಳತಾದವರಲ್ಲಿ ಕೆಲವರಿಗೆ ಮೂತ್ರಪಿಂಡವೂ ಸೋತಿರುತ್ತದೆ. ಅಂಥವರಿಗೆ ವೈದ್ಯರು ಪೊಟ್ಯಾಸಿಯಂ ಮಿತಿ ಹೇಳಿದ್ದರೆ ಈ ಸಿಹಿ ಬೇಡ. ಬೆಣ್ಣೆಹಣ್ಣಿನ 100 ಗ್ರಾಂನಲ್ಲಿ ಸುಮಾರು 485 ಮಿಲಿಗ್ರಾಂ ಪೊಟ್ಯಾಸಿಯಂ ಇದೆ, ಬಾಳೆಹಣ್ಣಿಗಿಂತ ಹೆಚ್ಚು. ಕೋಕೋದಲ್ಲೂ ಅದು ಧಾರಾಳ. ರಬ್ಬರ್ ಕೈಗವಸಿನಿಂದ ಅಲರ್ಜಿಯಾಗುವವರಲ್ಲಿ ಕೆಲವರಿಗೆ ಬೆಣ್ಣೆಹಣ್ಣೂ ಆಗದು. ಆದ್ದರಿಂದ ಮಕ್ಕಳಿಗೆ ಇದು ಯಾವ ಹಣ್ಣೆಂದು ತಿಂದ ಮೇಲೆ ಹೇಳಿದರೂ ನಡೆದೀತು, ಬಂದ ಅತಿಥಿಗಳಿಗೆ ಮೊದಲೇ ಹೇಳಿಬಿಡಬೇಕು.

ಇನ್ನೊಂದು ಬಹಳ ಮುಖ್ಯ. ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ ದಿಢೀರನೆ ಇಳಿದು ಬೆವರು, ನಡುಕ, ಮಂಕು ಕವಿದರೆ, ಚಾಕೊಲೇಟ್ ಅಲ್ಲವೇ ಎಂದು ಇದನ್ನು ಬಾಯಿಗಿಡಬೇಡಿ. ಇದರಲ್ಲಿ ಸಕ್ಕರೆಯೇ ಇಲ್ಲ. ಆಗ ಬೇಕಾದದ್ದು ಮೂರು ಚಮಚ ನಿಜವಾದ ಸಕ್ಕರೆ ಅಥವಾ ಗ್ಲೂಕೋಸ್, ನೀರಿನಲ್ಲಿ ಕದಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಇಂಥ ಇಳಿತ ಹಬ್ಬದ ಬೆಳಿಗ್ಗೆಯೇ ಆಗುವ ಸಂಭವ ಹೆಚ್ಚು. ನಮ್ಮ ಹಿರಿಯರಲ್ಲಿ ಕೆಲವರು ಪರಮಪ್ರಸಾದಕ್ಕಾಗಿ ಮಧ್ಯರಾತ್ರಿಯಿಂದ ಏನೂ ಮುಟ್ಟದ ಹಳೆಯ ರೂಢಿಯನ್ನು ಇಂದಿಗೂ ಬಿಟ್ಟಿಲ್ಲ. ಮಾತ್ರೆ ನುಂಗಿ, ಬರಿಹೊಟ್ಟೆಯಲ್ಲಿ ಹಬ್ಬದ ದೀರ್ಘ ಪೂಜೆಗೆ ನಿಲ್ಲುತ್ತಾರೆ. ಈ ನಿಯಮವನ್ನು ಪೋಪ್ ಹನ್ನೆರಡನೆಯ ಪಿಯುಸರು 1953ರಲ್ಲಿ ಮತ್ತು 1957ರಲ್ಲಿ ಸಡಿಲಿಸಿದರು. 1964ರಲ್ಲಿ ಪೋಪ್ ಆರನೆಯ ಪೌಲರು ಅದನ್ನು ಪ್ರಸಾದ ಸ್ವೀಕಾರಕ್ಕೆ ಮೊದಲಿನ ಒಂದು ಗಂಟೆಗೆ ಇಳಿಸಿದರು. ವೃದ್ಧರು, ರೋಗಿಗಳು, ಅವರನ್ನು ನೋಡಿಕೊಳ್ಳುವವರು ಆ ಒಂದು ಗಂಟೆಯೊಳಗೆ ಏನಾದರೂ ತಿಂದಿದ್ದರೂ ಪ್ರಸಾದ ಸ್ವೀಕರಿಸಬಹುದೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆಯ 919ನೇ ವಿಧಿ ಹೇಳುತ್ತದೆ. ನೀರು, ಔಷಧಿಗೆ ಯಾರಿಗೂ ಅಡ್ಡಿಯಿಲ್ಲ. ಮನೆಯವರು ಹೇಳಿದರೆ ಹಿರಿಯರು ಒಪ್ಪುವುದಿಲ್ಲ, ಧರ್ಮಕೇಂದ್ರದ ಗುರುಗಳಿಂದಲೇ ಹೇಳಿಸಿ.

ಉಳಿದ ಪುಡ್ಡಿಂಗ್ ಮರುದಿನದವರೆಗೆ ಫ್ರಿಜ್ಜಿನಲ್ಲಿ ಇರುತ್ತದೆ. ತಾಜಾ ತೆಂಗಿನ ಹಾಲು ಇರುವುದರಿಂದ ಅದಕ್ಕಿಂತ ಹೆಚ್ಚು ಇಡುವುದು ಬೇಡ. ಮೇಲ್ಪದರ ಕಪ್ಪಾದರೆ ಕೆಟ್ಟಿತೆಂದಲ್ಲ, ಗಾಳಿ ತಾಗಿ ಹಾಗಾಗುವುದು, ಕಲಸಿದರೆ ಸರಿಹೋಗುತ್ತದೆ. ಪಾತ್ರೆ ನೆಕ್ಕಲು ನಾಯಿಗೆ ಬಿಡಬೇಡಿ, ಕೋಕೋ ನಾಯಿಗಳಿಗೆ ವಿಷ. ಪಂಜರದ ಗಿಳಿಗೆ ಬೆಣ್ಣೆಹಣ್ಣೂ ಹಾಗೆಯೇ.